ತಿರುಗಿದ ನೆಲ

ಕೊರಳಿಗೆ ಕೈ ಹೋದಾಗಲೆಲ್ಲ ಅಲ್ಲಿ ಏನೂ ಇಲ್ಲವೆಂಬುದು ಮೀನಲಳಿಗೆ ಹೊಸದಾಗಿ ಗೊತ್ತಾಗುತ್ತಿತ್ತು. ಪುಣೆಯ ಹಾಸ್ಟೆಲಿನಲ್ಲಿ ತಿಂಗಳುಗಟ್ಟಲೆ ಬರಿಗೊರಳಲ್ಲಿ ಇರುವವಳು. ಅಲ್ಲಿ ಒಮ್ಮೆಯೂ ಹೀಗೆ ಕೈ ಹೋಗಿದ್ದಿಲ್ಲ. ಇಲ್ಲಿ, ಉದಗೀರ ಬಿಟ್ಟು ದೇವಣಿ ಇನ್ನೂ ಬಂದಿಲ್ಲ, ಆಗಲೇ ಬೆರಳುಗಳು ತಾವಾಗಿ ಎದ್ದು ಎದೆಯ ಮೇಲೆ ದಾರ ಹುಡುಕುತ್ತಿದ್ದವು. ಬಾಡಿಗೆ ಜೀಪಿನ ಕಿಟಕಿಗೆ ತಲೆ ಆನಿಸಿ ಆಕಾಶ ನೋಡಿದಳು. ಜನವರಿಯ ಆಕಾಶ, ಒರೆಸಿಟ್ಟ ತಾಟಿನ ಹಾಗಿತ್ತು. ಒಂದು ಚೂರು ಮೋಡ ಬಂದಿದ್ದರೆ ಇವತ್ತಿನ ಕೆಲಸ ಮುಂದೆ ಹೋಗುತ್ತಿತ್ತು. ಮೋಡಕ್ಕಾಗಿ ಹೀಗೆ ಆಸೆ ಪಡುತ್ತಿರುವ ತನ್ನ ಬಗ್ಗೆ ಅವಳಿಗೆ ಅಸಹ್ಯವಾಯಿತು. ಬೆಳಿಗ್ಗೆ ಅವ್ವ ಒಲೆಯ ಮುಂದೆ ಬೆನ್ನು ತಿರುಗಿಸಿ ಭಕ್ಕರಿ ಬಡಿಯುತ್ತಿದ್ದಾಗ ಲಿಂಗವಿಟ್ಟ ಬೆಳ್ಳಿಯ ಕರಡಿಗೆಯನ್ನು ಕೊರಳಿಂದ ತೆಗೆದು ದೇವರ ಜಗಲಿಯ ಮೇಲೆ, ಪತ್ರಿಯ ತಟ್ಟೆಯ ಹಿಂದೆ, ವಸ್ತ್ರದ ಕೆಳಗೆ ಇಟ್ಟು ಬಂದಿದ್ದಳು. ಕುರ್ತಾದ ಗುಂಡಿಯನ್ನು ಗಂಟಲವರೆಗೆ ಹಾಕಿಕೊಂಡಿದ್ದಳು, ಅವ್ವನಿಗೆ ದಾರವಿಲ್ಲದ್ದು ಕಾಣದಿರಲಿ ಎಂದು. ಇಪ್ಪತ್ತೆಂಟು ತುಂಬಿದ ಹೆಂಗಸು, ಶಾಲೆಯ ಹುಡುಗಿ ಉಗುರುಬಣ್ಣ ಮುಚ್ಚಿಡುವ ಹಾಗೆ.

ಅದು ಅವಳ ಹಳೆಯ ರೂಢಿಯನ್ನು ತಲೆಕೆಳಗು ಮಾಡಿದಂತಿತ್ತು. ಪುಣೆಯಿಂದ ಬರುವಾಗ ಬಸ್ಸು ಲಾತೂರ ದಾಟಿದ ಮೇಲೆ ಚೀಲದಿಂದ ಕರಡಿಗೆ ತೆಗೆದು ಕೊರಳಿಗೆ ಹಾಕಿಕೊಳ್ಳುತ್ತಾಳೆ. ಹೋಗುವಾಗ ಲಾತೂರ ದಾಟಿದ ಮೇಲೆ ತೆಗೆಯುತ್ತಾಳೆ. ದೇವರಿದ್ದಾನೋ ಇಲ್ಲವೋ ಎಂದು ಕೂತು ಯೋಚಿಸಿ ಮಾಡಿದ ತೀರ್ಮಾನವಲ್ಲ. ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವ ಸಾರಿಕಾ ಮೊದಲನೇ ವರ್ಷ ಒಮ್ಮೆ ಊಟದ ಹೊತ್ತಿನಲ್ಲಿ, ನಿಮ್ಮ ಕಡೆಯವರು ಕಲ್ಲು ಕಟ್ಟಿಕೊಂಡು ತಿರುಗುತ್ತಾರಂತಲ್ಲ, ನೀನೂ ಕಟ್ಟಿಕೊಂಡಿದ್ದೀಯಾ ಎಂದು ಕೇಳಿದ್ದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಮೀನಲ ನಕ್ಕು, ಛೇ, ಅದೆಲ್ಲ ಮನೆಯಲ್ಲಿ ಹಿರಿಯರು ಎಂದಿದ್ದಳು. ಹಾಗೆ ಅಂದಾಗ ಅದು ಅಂಗಿಯ ಒಳಗೆ, ಎದೆಯ ಎಲುಬಿಗೆ ತಾಗಿಕೊಂಡೇ ಇತ್ತು. ಮರುದಿನದಿಂದ ಅದು ಹಾಸ್ಟೆಲಿನ ಮೇಜಿನ ಖಾನೆಗೆ ಹೋಯಿತು, ಬಾಚಣಿಕೆ, ಸೂಜಿದಾರ, ಕೂದಲಿನ ಪಿನ್ನುಗಳ ಜೊತೆ. ಸುಳ್ಳನ್ನು ನಿಜ ಮಾಡಿಬಿಟ್ಟರೆ ಸುಳ್ಳಲ್ಲವೆಂದು ಆಗ ಅನ್ನಿಸಿತ್ತು.

ಜುಲೈನಲ್ಲಿ ಮೋಡವಿತ್ತು. ಆ ಮೋಡದಿಂದಲೇ ಎಲ್ಲ ಶುರುವಾಯಿತು ಎಂದು ಈಗ ಅವಳು ತಪ್ಪನ್ನು ಮೋಡದ ಮೇಲೆ ಹಾಕಲು ನೋಡುತ್ತಿದ್ದಳು. ಈ ಸೀಮೆಯ ಕರಿಗಲ್ಲು ಒಂದು ಕಾಲಕ್ಕೆ ಹರಿದು ಬಂದ ಲಾವಾ. ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ಅಂದಿನ ಉತ್ತರ ದಕ್ಷಿಣವನ್ನು ಹಿಡಿದುಕೊಂಡು ಗಟ್ಟಿಯಾದವು. ಆರೂವರೆ ಕೋಟಿ ವರ್ಷವಾದರೂ ಹಿಡಿದದ್ದನ್ನು ಬಿಟ್ಟಿಲ್ಲ. ಗೋಡೆಯಂಥ ಬಂಡೆಗೆ ಯಂತ್ರದಿಂದ ತೂತು ಕೊರೆದು, ಬೆರಳಿನಂಥ ಕಲ್ಲು ಹೊರಗೆ ಬರುವ ಮೊದಲೇ ಅದು ಯಾವ ದಿಕ್ಕಿಗೆ ಮುಖ ಮಾಡಿತ್ತೆಂದು ಗುರುತು ಹಾಕಬೇಕು. ಲ್ಯಾಬಿನಲ್ಲಿ ಅದನ್ನು ಕಾಯಿಸಿ, ನಂತರದ ಕಾಲದಲ್ಲಿ ಅಂಟಿಕೊಂಡ ದುರ್ಬಲ ಕಾಂತತೆಯನ್ನೆಲ್ಲ ಕಳಚಿ, ಕೊನೆಗೆ ಉಳಿಯುವ ಹಳೆಯ ದಿಕ್ಕನ್ನು ಅಳೆಯುತ್ತಾರೆ. ಗೋಡೆಯ ಹತ್ತಿರ ಹಾಕಿದ ಗುರುತೇ ತಪ್ಪಿದ್ದರೆ ಆಮೇಲಿನ ಅಳತೆ ಎಷ್ಟು ಸರಿಯಿದ್ದರೂ ಉಪಯೋಗವಿಲ್ಲ. ಗುರುತಿಗೆ ಎರಡು ದಾರಿ: ಒಂದು ದಿಕ್ಸೂಚಿಯ ಮುಳ್ಳು, ಇನ್ನೊಂದು ಬಿಸಿಲು. ತಟ್ಟೆಯ ಮೇಲೆ ನಿಲ್ಲಿಸಿದ ಕಡ್ಡಿಯ ನೆರಳು ಎಲ್ಲಿ ಬಿತ್ತು, ಆಗ ಗಂಟೆ ಎಷ್ಟು ಎಂದು ನೋಡಿ ದಿಕ್ಕು ಲೆಕ್ಕ ಹಾಕುವುದು. ಮುಳ್ಳು ಮೋಸ ಹೋಗಬಹುದು, ಬಿಸಿಲು ಹೋಗುವುದಿಲ್ಲ. ಜುಲೈ ತಿಂಗಳಿಡೀ ಬಿಸಿಲೇ ಬೀಳಲಿಲ್ಲ. ಅವಳು ಉಮರ್ಗಾದ ಹೆದ್ದಾರಿಗೆ ಗುಡ್ಡ ಕಡಿದ ಕಡೆ, ಜಳಕೋಟದ ಹತ್ತಿರ ಹೊಸದಾಗಿ ತೋಡಿದ ಬಾವಿಯಲ್ಲಿ, ಇವತ್ತು ಹೊರಟಿರುವ ನಿಲಂಗಾದ ಹಾದಿಯ ಈ ಕಲ್ಲುಗಣಿಯಲ್ಲಿ, ಮೂರೂ ಕಡೆ ಬರೀ ಮುಳ್ಳು ನೋಡಿ ಗುರುತು ಹಾಕಿದಳು. ಮೂರೂ ಕಡೆ ಪಡುವಣ ಗೋಡೆ. ಬೆಳಗಿನ ಹೊತ್ತು ಇದ್ದಷ್ಟು ಬೆಳಕು ಅಲ್ಲೇ ಬೀಳುತ್ತಿತ್ತು.

ಮನೆಯಲ್ಲಿ ಉಳಿದು ಕೆಲಸಕ್ಕೆ ಹೋಗುತ್ತಿದ್ದಳಾದ್ದರಿಂದ ಕರಡಿಗೆ ಕೊರಳಲ್ಲಿತ್ತು. ಹೊರಡುವ ಹಿಂದಿನ ದಿನ ಅಪ್ಪ ಅದನ್ನು ಕೈಗೆ ತೆಗೆದುಕೊಂಡು ಮುಚ್ಚಳ ಅಲ್ಲಾಡಿಸಿ ನೋಡಿದ್ದ. ಬೆಳ್ಳಿ ಸವೆದು ಮುಚ್ಚಳ ಸಡಿಲವಾಗಿತ್ತು. ಕಲ್ಲುಗಣಿಯಲ್ಲಿ ಬಗ್ಗಿ ಏಳುವಾಗ ಲಿಂಗ ಜಾರಿ ಬಿದ್ದರೆ ಏನು ಗತಿ ಎಂದು ಸಂಜೆಯೊಳಗೆ ಅಕ್ಕಸಾಲಿ ಪತ್ತಾರನ ಹತ್ತಿರ ಹೋಗಿ ಮುಚ್ಚಳಕ್ಕೊಂದು ತಳಕ್ಕೊಂದು ಗುಂಡಿಯಂಥ ಚುಂಬಕ ಕೂರಿಸಿಕೊಂಡು ಬಂದ. ಪೇಟೆಯ ಹೆಂಗಸರ ಪರ್ಸಿಗೆ ಹಾಕುವಂಥವು, ಆದರೆ ಬಲವಾದವು. ಟಪ್ಪೆಂದು ಮುಚ್ಚಿ ತೋರಿಸಿ, ಮತ್ತೆ ತೆಗೆದು ಮತ್ತೆ ಟಪ್ಪೆನಿಸಿ, ಆಟಿಕೆ ಸಿಕ್ಕ ಹುಡುಗನ ಹಾಗೆ ನಕ್ಕಿದ್ದ. ಅವಳು ಫೋನು ನೋಡುತ್ತ ಹೂಂ ಎಂದಿದ್ದಳು. ಹೂಂ ಎಂದದ್ದು ಅವಳು. ಆರು ವರ್ಷದಿಂದ ಕಲ್ಲಿನ ಕಾಂತತೆಯನ್ನೇ ಓದುತ್ತಿರುವವಳು, ಗೋಡೆಯ ಹತ್ತಿರ ಹೋಗುವ ಮೊದಲು ಗಡಿಯಾರ, ಬೀಗದ ಕೈ, ಫೋನು, ಬಳೆ ಎಲ್ಲ ತೆಗೆದು ದೂರ ಇಡಬೇಕೆಂದು ಹೊಸ ಹುಡುಗರಿಗೆ ಪಾಠ ಹೇಳುವವಳು. ಅವೆಲ್ಲವನ್ನೂ ಆ ಮೂರೂ ದಿನ ತೆಗೆದೇ ಇಟ್ಟಿದ್ದಳು. ಕರಡಿಗೆ ತೆಗೆದಿಡುವ ವಸ್ತುಗಳ ಸಾಲಿಗೆ ಸೇರಿದ್ದೆಂದು ಅವಳಿಗೆ ಹೊಳೆಯಲೇ ಇಲ್ಲ. ಅದು ಮೈಯ ಭಾಗ. ನಂಬದೆ ಇದ್ದರೂ ಮೈಯ ಭಾಗ.

ದೇವಣಿಯಲ್ಲಿ ಡ್ರೈವರ್ ಚಹಾಕ್ಕೆ ನಿಲ್ಲಿಸಲೇ ಎಂದು ಕೇಳಿದ. ಬೇಡವೆಂದಳು. ಆಮೇಲೆ ಕುಡಿಯಬಹುದಿತ್ತು ಅನ್ನಿಸಿತು, ಹೊತ್ತು ಕಳೆಯುತ್ತಿತ್ತು. ಅವಳ ಗೈಡ್ ದಿಗಂಬರ ಸರ್ ಸೊಲ್ಲಾಪುರದಿಂದ ಉಮರ್ಗಾದ ಮೇಲೆ ಕಾರಿನಲ್ಲಿ ಬರುತ್ತಿದ್ದರು. ಮಧ್ಯಾಹ್ನದೊಳಗೆ ಬರಲೇಬೇಕು, ಆಮೇಲೆ ಪಡುವಣ ಗೋಡೆಗೆ ನೆರಳು ಬೀಳುತ್ತದೆ. ಮೂರು ಕಡೆಯ ಕಲ್ಲುಗಳೂ ಇರಬೇಕಾದ ದಿಕ್ಕಿನಿಂದ ಹೆಚ್ಚುಕಡಿಮೆ ಹದಿನಾಲ್ಕು ಡಿಗ್ರಿ ಒಂದೇ ಕಡೆಗೆ ತಿರುಗಿವೆ ಎಂದು ಅವಳು ಸೆಪ್ಟೆಂಬರಿನಲ್ಲಿ ತೋರಿಸಿದಾಗ ಸರ್ ಕುರ್ಚಿಯಿಂದ ಎದ್ದು ನಿಂತಿದ್ದರು. ಉಮರ್ಗಾದಿಂದ ಉದಗೀರದವರೆಗಿನ ನೆಲ ಒಂದು ಹಲಗೆಯಾಗಿ ಮೆಲ್ಲಗೆ ತಿರುಗಿದೆ ಎಂದು ಆಮೇಲೆ ಅವರು ಓದಿದರು, ಬರೆದರು, ಲೇಖನ ಕಳಿಸಿದರು. ಅವಳ ಹೆಸರು ಮೊದಲು, ಅವರದು ಆಮೇಲೆ. ಅವಳ ಪ್ರಬಂಧದ ಅರ್ಧ ಅದರ ಮೇಲೆ ನಿಂತಿತ್ತು. ಲೇಖನ ಪರಿಶೀಲಿಸಿದ ಯಾರೋ ಒಬ್ಬರು ಒಂದೇ ಸಾಲು ಬರೆದಿದ್ದರು: ಬಿಸಿಲಿನಿಂದ ದಿಕ್ಕು ತಾಳೆ ನೋಡಿದ್ದೀರಾ? ಅದಕ್ಕೇ ಈ ಓಡಾಟ. ಉಮರ್ಗಾದ ಗುಡ್ಡಕ್ಕೆ ಈಗ ಸಿಮೆಂಟ್ ಬಳಿದಿದ್ದಾರೆ. ಜಳಕೋಟದ ಬಾವಿ ತುಂಬಿದೆ. ತೂತುಗಳು ಕಣ್ಣಿಗೆ ಕಾಣುವಂತೆ ಉಳಿದಿರುವುದು ಈ ಒಂದೇ ಗೋಡೆಯಲ್ಲಿ.

ಅಪ್ಪ ಆ ಸುದ್ದಿಯನ್ನು ತನ್ನ ಅಂಗಡಿಯಿದ್ದ ಇಡೀ ಆಡತ ಬಾಜಾರಕ್ಕೆ, ಕಾಳಿನ ದಲ್ಲಾಳಿಗಳಿಗೆಲ್ಲ ಹಂಚಿದ್ದ. ಉದಗೀರದ ಕೆಳಗಿನ ಭೂಮಿ ತಿರುಗಿದ್ದನ್ನು ಮನ್ಮಥಪ್ಪನ ಮಗಳು ಹಿಡಿದಳಂತೆ ಎಂದು ತೊಗರಿ ಮಾರಲು ಬಂದವರೂ ಮಾತಾಡಿಕೊಂಡರಂತೆ. ಎದುರಿನ ಅಂಗಡಿಯವರು, ಹಂಗಾದ್ರ ನಿಮ್ಮ ಗಾದಿ ಈಗ ಯಾವ ದಿಕ್ಕಿಗಿ ಬಂತು ಮನ್ಮಥಪ್ಪ, ಲಕ್ಷ್ಮೀ ಯಾವ ಬಾಗಿಲಾಗ ಬರಬೇಕು ಎಂದು ತಮಾಷೆ ಮಾಡಿದ್ದರು. ಅಪ್ಪ ನಕ್ಕು ಸುಮ್ಮನಾಗಲಿಲ್ಲ. ಫೋನು ಮಾಡಿ, ಖರೇ ಎಷ್ಟು ತಿರುಗ್ಯಾದ ಎಂದು ಕೇಳಿ, ಇರಲಿ ಬಿಡು ಎಂದು ತಾನು ಕೂರುವ ಗಾದಿಯನ್ನು ಅಷ್ಟೇ ಓರೆ ಮಾಡಿ ಹಾಕಿಸಿದ್ದ. ದೀಪಾವಳಿಗೆ ಬಂದಾಗ ಅವಳು ನೋಡಿದಳು. ಅಂಗಡಿಯಲ್ಲಿ ಎಲ್ಲವೂ ನೆಟ್ಟಗಿತ್ತು, ಅಪ್ಪ ಒಬ್ಬನೇ ಓರೆಯಾಗಿ ಕೂತಿದ್ದ.

ಹೋದ ವಾರ ಹಾಸ್ಟೆಲಿನ ಖಾನೆ ಎಳೆದಾಗ ಪಿನ್ನುಗಳೆಲ್ಲ ಒಂದೆಡೆ ಸೇರಿದ್ದವು. ಕರಡಿಗೆಯ ಸುತ್ತ, ಮುಳ್ಳುಹಂದಿಯ ಹಾಗೆ. ಒಂದನ್ನು ಕಿತ್ತಳು, ಬಿಟ್ಟಳು, ಅದು ಹಾರಿ ಹೋಗಿ ಮತ್ತೆ ಅಂಟಿತು. ಅವಳು ಹಾಸಿಗೆಯ ಮೇಲೆ ಕೂತಳು. ಜುಲೈನ ಸಂಜೆಗಳಲ್ಲಿ ಬಚ್ಚಲ ಮನೆಯಲ್ಲಿ ಕರಡಿಗೆಯ ಸಂದಿನಲ್ಲಿ ಕಪ್ಪು ಹುಡಿ ಮೀಸೆಯಂತೆ ನಿಂತಿರುತ್ತಿದ್ದುದು, ಅದನ್ನು ತಾನು ಗಣಿಯ ಕೊಳೆ ಎಂದುಕೊಂಡು ಹೆಬ್ಬೆರಳಿನಿಂದ ಒರೆಸುತ್ತಿದ್ದುದು ಕಣ್ಣಿಗೆ ಬಂತು. ಅದೇ ಹುಡಿಯನ್ನು ಲ್ಯಾಬಿನಲ್ಲಿ ಚುಂಬಕದಿಂದ ಎತ್ತಿ ಹೆಸರಿಟ್ಟು ಶೀಶೆಯಲ್ಲಿ ತುಂಬುತ್ತಾಳೆ. ಆ ರಾತ್ರಿ ಸಾರಿಕಾ ಬಂದು ಸಿನಿಮಾಕ್ಕೆ ಕರೆದಳು. ಹೋದಳು. ಏನು ನೋಡಿದಳೋ ನೆನಪಿಲ್ಲ.

ಗಣಿಯಲ್ಲಿ ಕೆಲಸ ನಿಂತು ತಿಂಗಳಾಗಿತ್ತು. ವಲಾಂಡಿಯಿಂದ ಬರುವ ಮಣ್ಣುಹಾದಿ ಅಲ್ಲೇ ಮುಗಿಯುತ್ತಿತ್ತು. ಡ್ರೈವರ್ ಜೀಪನ್ನು ಬೇವಿನ ಮರದ ಕೆಳಗೆ ದೂರ ನಿಲ್ಲಿಸಿ ಸೀಟು ಮಲಗಿಸಿಕೊಂಡ. ಮೀನಲ ಫೋನು, ಕೈಗಡಿಯಾರ, ಬಳೆ ಜೀಪಿನಲ್ಲಿ ಬಿಟ್ಟು, ಹೊತ್ತು ನೋಡಲು ಬೇಕಾದ ಪುಟ್ಟ ಗಡಿಯಾರವನ್ನು ಸಾಕಷ್ಟು ದೂರದ ಕಲ್ಲಿನ ಮೇಲೆ ಇಟ್ಟು ಗೋಡೆಯ ಹತ್ತಿರ ಹೋದಳು. ಬಿಸಿಲು ನೇರ ಬಿದ್ದಿತ್ತು. ಬಿಳಿ ಬಣ್ಣದಲ್ಲಿ ತಾನೇ ಬರೆದ ಅಂಕಿಗಳು, ಅವುಗಳ ಕೆಳಗೆ ತೂತುಗಳು. ಒಂದರಲ್ಲಿ ಜೇಡ ಬಲೆ ಕಟ್ಟಿತ್ತು. ಮಂಡಿಯೂರಿ, ಹಿತ್ತಾಳೆಯ ಕೊಳವೆಯನ್ನು ಮೊದಲ ತೂತಿಗೆ ಸೇರಿಸಿ, ತಟ್ಟೆಯನ್ನು ಮಟ್ಟ ಮಾಡಿ, ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿದಳು. ಜುಲೈನ ಅಂಕಿ ಬಾಯಿಪಾಠವಾಗಿತ್ತು: ಇನ್ನೂರ ಎಂಬತ್ತಾರು. ಎಂಬತ್ತಾರೇ ಬರಲಿ ಎಂದು ಅವಳು ಯಾರನ್ನೋ ಕೇಳಿಕೊಂಡಳು, ಯಾರನ್ನೆಂದು ಗೊತ್ತಿಲ್ಲ. ಮುಳ್ಳು ಇನ್ನೂರ ಎಪ್ಪತ್ತೆರಡರಲ್ಲಿ ನಿಂತಿತು. ನೆರಳೂ ಅಲ್ಲೇ ಲೆಕ್ಕ ಕೊಟ್ಟಿತು. ಎರಡನೆಯ ತೂತು ಹಾಗೇ. ಮೂರನೆಯದು ಒಂದು ಡಿಗ್ರಿ ಹೆಚ್ಚು. ನಾಲ್ಕನೆಯದನ್ನು ನೋಡುವ ಅಗತ್ಯವಿರಲಿಲ್ಲ. ಆದರೂ ನೋಡಿದಳು, ಕೈಗೆ ಬೇರೆ ಕೆಲಸ ತೋಚದೆ.

ನೆಲ ತಿರುಗಿರಲಿಲ್ಲ. ಲಾವಾ ಎಲ್ಲಿ ಆರಿತ್ತೋ ಅಲ್ಲೇ, ಹೇಗಿತ್ತೋ ಹಾಗೇ ಇತ್ತು. ಅವಳು ಗೋಡೆಗೆ ಬೆನ್ನು ಕೊಟ್ಟು ಕೂತಳು. ಕಲ್ಲು ಬೆಚ್ಚಗಿತ್ತು. ಭಯದ ಬದಲು ಬಂದದ್ದು ಒಂದು ಸಣ್ಣ ಲೆಕ್ಕಾಚಾರ: ಇದನ್ನು ನೋಡಿದವಳು ನಾನೊಬ್ಬಳೇ. ಸರ್ ಬರುವ ಮೊದಲು ಈ ತೂತುಗಳ ಬಾಯಿಯನ್ನು ಸುತ್ತಿಗೆಯಿಂದ ಒಡೆದರೆ? ಗಣಿಯವರು ಒಡೆದರು ಎನ್ನಬಹುದು. ಸುತ್ತಿಗೆ, ಗಡಿಯಾರವಿಟ್ಟ ದೂರದ ಕಲ್ಲಿನ ಬಳಿ, ಚೀಲದಲ್ಲಿತ್ತು. ಎದ್ದು ಹೋಗಿ ಅದನ್ನು ಹೊರಗೂ ತೆಗೆದಳು. ತೆಗೆದ ಮೇಲೆ ಅದರ ಹಿಡಿಕೆಗೆ ಸುತ್ತಿದ ಬಟ್ಟೆಯ ಪಟ್ಟಿ ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತುತ್ತ ಅಲ್ಲೇ ಕೂತಳು. ಆಗ ಮಣ್ಣುಹಾದಿಯಲ್ಲಿ ಮೋಟಾರ್ ಸೈಕಲ್ಲಿನ ಸದ್ದು ಕೇಳಿತು.

ಅಪ್ಪ. ತಲೆಗೆ ಟವೆಲ್ ಸುತ್ತಿಕೊಂಡು, ಹುಬ್ಬಿನವರೆಗೆ ಧೂಳು. ಗಾಡಿ ನಿಲ್ಲಿಸಿ, ಜೀಪಿನ ಹತ್ತಿರವೇ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಜಲ್ಲಿಯ ಮೇಲೆ ಕುಂಟುತ್ತ ಬಂದ. ಅವನ ಕೊರಳಲ್ಲಿ ಎರಡು ದಾರವಿತ್ತು, ತನ್ನದೊಂದು, ಅವಳದೊಂದು. ಅವಳಿಗೆ ಎಲ್ಲ ಗೊತ್ತಾಯಿತು.

“ಎಂಥಾದ್ದು ಮರತು ಬಂದಿ ನೋಡವ್ವಾ,” ಎಂದ. “ನಿಮ್ಮವ್ವ ಜಗಲಿ ಒರಸಲಾಕ ಹೋಗಿ ನೋಡ್ಯಾಳ. ಆಗಿಂದ ಬಾಯಾಗ ಹನಿ ನೀರು ಹಾಕಿಲ್ಲ ಆಕಿ. ಫೋನ್ ಮಾಡಿದ್ರ ನೀ ಎತ್ತವಲ್ಲಿ.”

“ಮರತಿಲ್ಲಪ್ಪಾ. ಬಿಟ್ಟು ಬಂದೀನಿ.”

ಅವನು ಕೇಳದವನಂತೆ ತನ್ನ ಕೊರಳಿಂದ ಒಂದು ದಾರ ಬಿಡಿಸಲು ನೋಡಿದ. ದಾರ ಕಿವಿಗೆ ಸಿಕ್ಕಿತು. ಅರವತ್ತೊಂದರ ಗಂಡಸು, ತೀರಾ ಬೆವರಿದ್ದ. ಅವಳು ಎದ್ದು, ಅವನ ಕೈ ಹಿಡಿದು ಗೋಡೆಯ ಹತ್ತಿರ ಕರೆದೊಯ್ದಳು. ತಟ್ಟೆಯ ಮೇಲೆ ನಿಂತಿದ್ದ ಮುಳ್ಳನ್ನು ಬೆರಳಿನಿಂದ ತೋರಿಸಿ, ಸ್ವಲ್ಪ ಬಗ್ಗು ಎಂದಳು. ಅವನು ಬಗ್ಗಿದ. ಅವಳ ಕರಡಿಗೆ ಅವನ ಕೊರಳಿಂದ ಮುಂದೆ ಜೋತಿತು. ಮುಳ್ಳು ನಡುಗಿ, ಸರಿದು, ಬೇರೆ ಕಡೆ ನಿಂತಿತು. ನೆಟ್ಟಗಾಗು ಎಂದಳು. ಮುಳ್ಳು ತಿರುಗಿ ಬಂತು. ಮತ್ತೊಮ್ಮೆ ಬಗ್ಗು ಎನ್ನಬೇಕಾಗಲಿಲ್ಲ; ತಾನೇ ಬಗ್ಗಿ ನೋಡಿದ, ತಾನೇ ಎದ್ದ. ಹುಟ್ಟಿದಂದಿನಿಂದ ತಕ್ಕಡಿಯ ಕಾಟಾ ನೋಡಿ ಬದುಕಿದವನು. ತೂಗುವ ತಟ್ಟೆಯ ಕೆಳಗೆ ಏನೋ ಅಂಟಿಸಿದವರನ್ನು ಬಾಜಾರದಲ್ಲಿ ಏನು ಮಾಡುತ್ತಾರೆಂದು ಬಲ್ಲವನು. ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ನೋಡಿದ.

“ಇದು ನಾ ಹಾಕ್ಸಿದ ಚುಂಬಕ?”

“ಹೂಂ.”

“ಮತ್ತ, ಭೂಮಿ ತಿರುಗಿಲ್ಲಾ?”

“ಇಲ್ಲಪ್ಪಾ.”

“ಗಾದಿ ಹಿಂದಕ ಸರಸಬೇಕಾತು ಹಂಗಾದ್ರ,” ಎಂದ. ನಗು ಬರಿಸಲು ಅಂದದ್ದು. ಇಬ್ಬರಿಗೂ ಬರಲಿಲ್ಲ. ಅವನು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು, ಯಾರ್ಯಾರಿಗೆ ಗೊತ್ತಿದೆ ಎಂದು ಕೇಳಿದ. ಯಾರಿಗೂ ಇಲ್ಲವೆಂದಳು. ನಿನ್ನ ಸರ್ ಇದನ್ನು ಕಂಡು ಹಿಡಿಯುತ್ತಾರೆಯೇ ಎಂದ. ಗೊತ್ತಿಲ್ಲವೆಂದಳು. ಆಗ ಅಪ್ಪ ಅಂಗಡಿಯಲ್ಲಿ ಗಿರಾಕಿ ಎದ್ದು ಹೋಗುವ ಮೊದಲು ದನಿ ಇಳಿಸಿ ಮಾತಾಡುವ ಹಾಗೆ ಅವಳ ಕಿವಿಯ ಹತ್ತಿರ ಬಂದ.

“ಸುಮ್ಮ ಇರು. ಕೇಳಿದ್ರ ಕಿಸೇದಾಗ ಫೋನ್ ಇತ್ತು ಅನ್ನು. ಯಾರಿಗೆ ಬೇಕಾದ್ರೂ ಆಗ್ತದ ಅದು. ಆದ್ರ ಲಿಂಗದ ಹೆಸರು ತೆಗೀಬ್ಯಾಡ. ನಾಳಿ ಪುಣೇದಾಗ ಕುಂತು ನಗ್ತಾರ, ಲಿಂಗಾ ಕಟಗೊಂಡು ಸಾಯನ್ಸ ಮಾಡ್ತಾಳ ಅಂತ. ನಿನಗ ನಗಲಿ, ನೀ ನಾಳಿ ಮರೀತಿ. ಅದಕ್ಕ ನಗಬಾರದು.”

ಮೊದಲು ಕೊರಳಿಗೆ ಹಾಕಿಕೋ, ಅವ್ವನಿಗೆ ಫೋನು ಮಾಡುತ್ತೇನೆ, ಉಣ್ಣಲಿ ಎಂದ. ಅವಳು ತಲೆ ಬಗ್ಗಿಸಿದಳು. ಅವನ ಬೆವರು ಹತ್ತಿದ ದಾರ ಒದ್ದೆಯಾಗಿತ್ತು. ಕರಡಿಗೆ ಎದೆಗೆ ಬಂದು ತಾಗಿದ ಕೂಡಲೇ ಬೆಳಗಿನಿಂದ ಓಡಾಡುತ್ತಿದ್ದ ಬೆರಳುಗಳು ಸುಮ್ಮನಾದವು. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಫೋನು ಅನ್ನುವುದು ಸುಲಭ. ಸಾರಿಕಾ ಕೂಡ ಒಮ್ಮೆ ಸುತ್ತಿಗೆ ಹತ್ತಿರವಿಟ್ಟುಕೊಂಡು ಒಂದು ದಿನದ ಕೆಲಸ ಕೆಡಿಸಿದ್ದಳು. ಎಲ್ಲರೂ ನಕ್ಕು ಮರೆತಿದ್ದರು. ಸುತ್ತಿಗೆಯ ನಗು ಬೇರೆ. ಇದು ಹೊರಬಿದ್ದರೆ, ಛೇ, ಅದೆಲ್ಲ ಹಿರಿಯರು ಎಂದ ಆ ಮಧ್ಯಾಹ್ನವೂ ಹೊರಬೀಳುತ್ತದೆ. ಅಪ್ಪನಿಗೆ ಲಿಂಗದ ಮರ್ಯಾದೆಯ ಚಿಂತೆ, ತನಗೆ ತನ್ನದು. ಇಬ್ಬರದೂ ಒಂದೇ ಉಪಾಯ. ಈ ಹೊಂದಾಣಿಕೆ ಅವಳಿಗೆ ಸೇರಲಿಲ್ಲ.

ಸರ್ ಅವರ ಕಾರು ಬಂದಾಗ ಹನ್ನೊಂದು ದಾಟಿತ್ತು. ದಿಗಂಬರ ಸರ್ ಸಣ್ಣಗೆ, ಉದ್ದಕ್ಕೆ ಇದ್ದರು. ಹೊರಗೆ ಬಂದವರೇ ಮೊದಲು ಸೂರ್ಯನನ್ನು ನೋಡಿದರು, ಆಮೇಲೆ ಅವಳನ್ನು. ಅಪ್ಪ ಮರಾಠಿಯಲ್ಲಿ ತನ್ನ ಪರಿಚಯ ಹೇಳಿ, ಊಟ ಮನೆಯಲ್ಲೇ ಎಂದು ಕರೆದ. ಸರ್ ಕೈಮುಗಿದು, ನಿಮ್ಮ ಮಗಳು ನಮ್ಮ ಲ್ಯಾಬಿಗೆ ಹೆಸರು ತಂದಿದ್ದಾಳೆ ಎಂದರು. ಅಪ್ಪ ನೆಲ ನೋಡಿದ. ಹೊತ್ತಿಲ್ಲ, ನೆರಳು ಬರುತ್ತದೆ ಎಂದು ಸರ್ ಅವಸರ ಮಾಡಿದರು. ಅವಳು ಮೊದಲ ತೂತಿನ ಮುಂದೆ ಮಂಡಿಯೂರಿದಳು. ಫೋನು, ಬಳೆ ತೆಗೆದಿದ್ದೀಯಲ್ಲ ಎಂದು ಕೇಳಿದರು, ಜೀಪಿನಲ್ಲಿವೆ ಎಂದಳು. ಅದು ನಿಜವಾಗಿತ್ತು. ಫೋನು ದೂರವಿದ್ದೂ ಮುಳ್ಳು ಓರೆಯಾಗಲಿತ್ತು; ಫೋನಿನ ಸುಳ್ಳು ಅಲ್ಲಿಗೇ ಮುಗಿಯಿತು.

ಮುಳ್ಳು ಓದಿದಳು: ಇನ್ನೂರ ಎಂಬತ್ತೈದು. ಸರ್ ತಲೆಯಾಡಿಸಿದರು, ಹೆಚ್ಚುಕಡಿಮೆ ಜುಲೈನದೇ ಅಂಕಿ. ಆಮೇಲೆ ನೆರಳು ಓದಿ, ಗಂಟೆ ನೋಡಿ, ತಮ್ಮ ಫೋನಿನಲ್ಲಿ ಲೆಕ್ಕ ಹಾಕಲು ನಾಲ್ಕು ಹೆಜ್ಜೆ ಆಚೆ ಹೋದರು. ಅವರ ಬೆನ್ನು ಮೊದಲು ಬದಲಾಯಿತು. ತಿರುಗಿ ಬಂದು ಎರಡನೆಯ ತೂತು ಎಂದರು. ಮೂರನೆಯದು ಎಂದರು. ಮುಳ್ಳಿಗೂ ಬಿಸಿಲಿಗೂ ಎಲ್ಲ ಕಡೆ ಅಷ್ಟೇ ಅಂತರ. ಸರ್ ಟೋಪಿ ತೆಗೆದು ಬಂಡೆಯ ಮೇಲೆ ಕೂತರು. ಐವತ್ತರ ಆಸುಪಾಸಿನ ಮುಖ ಒಮ್ಮೆಲೇ ಮುದಿಯಾಗಿ ಕಂಡಿತು. ಆಮೇಲೆ, ಅವಳಿಗಲ್ಲ, ಗೋಡೆಗೆ ಹೇಳುವವರಂತೆ, ಸಿಡಿಲು ಎಂದರು. ಸಿಡಿಲು ಬಡಿದ ಕರಿಗಲ್ಲು ತಾನೇ ಚುಂಬಕವಾಗುತ್ತದೆ, ಹತ್ತಿರದ ಮುಳ್ಳನ್ನು ಎಳೆಯುತ್ತದೆ. ಇದು ಎಲ್ಲರಿಗೂ ಆಗುತ್ತದೆ. ಈ ಗಣಿಯನ್ನು ಲೇಖನದಿಂದ ತೆಗೆಯೋಣ. ಸಿಡಿಲು ಎಂದು ಒಂದು ಸಾಲು ಬರೆಯೋಣ. ಉಮರ್ಗಾ, ಜಳಕೋಟ ಇದ್ದೇ ಇವೆಯಲ್ಲ, ಅವುಗಳ ಮೇಲೆ ನಿಲ್ಲುತ್ತದೆ.

ಸಿಡಿಲು ಬಡಿದ ಕಲ್ಲು ಲ್ಯಾಬಿನಲ್ಲಿ ಅಡಗಿರುವುದಿಲ್ಲ. ಯಂತ್ರದಲ್ಲಿ ಇಟ್ಟ ಕೂಡಲೇ ಉಳಿದವುಗಳಿಗಿಂತ ಎಷ್ಟೋ ಪಟ್ಟು ಬಲವಾಗಿ ತೋರುತ್ತದೆ. ಈ ಗಣಿಯ ಒಂದು ಕಲ್ಲೂ ಹಾಗೆ ತೋರಿರಲಿಲ್ಲ. ಅದನ್ನು ಅವಳಿಗೆ ಕಲಿಸಿದವರು ಸರ್. ಅವಳು ಅವರ ಮುಖ ನೋಡಿದಳು. ಅವರು ಟೋಪಿಯ ಒಳಗಿನ ಬೆವರಿನ ಗೆರೆ ನೋಡುತ್ತಿದ್ದರು. ಈ ಕಡೆ ಸಿಡಿಲು ಬೀಳುತ್ತದೆಯೇ ಎಂದು ಅಪ್ಪನನ್ನು ಕೇಳಿದರು. ಅಪ್ಪನಿಗೆ ದಾರಿ ಕಂಡಿತು. ಬೀಳದೆ ಏನು, ಪ್ರತಿ ವರ್ಷ ಬೀಳುತ್ತದೆ. ವಲಾಂಡಿಯಲ್ಲಿ ಎಮ್ಮೆ ಸತ್ತಿತ್ತು, ಮಾಕಣಿಯಲ್ಲಿ ತೆಂಗಿನ ಮರ ನಡುವೆ ಸೀಳಿತ್ತು, ಈ ಗಣಿಯ ಮೇಲಂತೂ ಮಳೆಗಾಲ ಬಂದರೆ ಸಾಕು. ಒಳ್ಳೆಯ ಮರಾಠಿಯಲ್ಲಿ, ಮಾಲು ತೋರಿಸುವ ಹಾಗೆ, ಒಂದರ ಮೇಲೊಂದು ಸಿಡಿಲು ಬಿಚ್ಚಿ ಹಾಕಿದ. ಸರ್ ಹೂಂ ಹೂಂ ಎನ್ನುತ್ತಿದ್ದರು. ಇಬ್ಬರೂ ಸೇರಿ ಅವಳನ್ನು ಎತ್ತಿ ಒಣ ಜಾಗದಲ್ಲಿ ಇಡುತ್ತಿದ್ದರು. ಅವಳು ಸುಮ್ಮನಿದ್ದರೆ ಸಾಕಿತ್ತು. ಸಿಮೆಂಟಿನ ಕೆಳಗಿನ ಗುಡ್ಡ, ನೀರಿನ ಕೆಳಗಿನ ಬಾವಿ ಎಂದಿಗೂ ಬಾಯಿ ಬಿಡುವುದಿಲ್ಲ.

ಹಾಗಾದರೆ ಒಂದು ಫೋಟೋ ಎಂದರು ಸರ್. ಕೆಲಸ ಮಾಡುವ ಹಾಗೆ ಬಗ್ಗು, ಮುಳ್ಳು ನೋಡು. ಅವಳು ಬಗ್ಗಿದಳು. ಕುರ್ತಾದ ಒಳಗೆ ಕರಡಿಗೆ ಎದೆ ಬಿಟ್ಟು ಮುಂದೆ ಜೋತಿತು. ಅವಳು ಉಸಿರು ಎಳೆದಾಗ ಮುಳ್ಳು ಒಂದಿಷ್ಟು ಆಚೆ ಹೋಗುತ್ತಿತ್ತು, ಬಿಟ್ಟಾಗ ಈಚೆ ಬರುತ್ತಿತ್ತು. ಜುಲೈನಲ್ಲೂ ಹೀಗೇ ಆಡಿರಬೇಕು. ಉಸಿರು ಹಿಡಿದು ಓದಬೇಕೆಂದು ಸರ್ ಕಲಿಸಿದ್ದರಿಂದ ಆಗ ಕಂಡಿರಲಿಲ್ಲ. ಈಗ ಹಿಡಿಯಲು ಆಗಲಿಲ್ಲ. ತನ್ನ ಒಳಗು ಹೊರಗೆ ತಟ್ಟೆಯ ಮೇಲೆ ಬಂದು ಎಲ್ಲರ ಮುಂದೆ ಅಲ್ಲಾಡುತ್ತಿದ್ದ ಹಾಗೆ ಅವಳಿಗೆ ನಾಚಿಕೆಯಾಯಿತು. ಒಳ್ಳೆಯತನವೇನೂ ಅದರಲ್ಲಿ ಇರಲಿಲ್ಲ. ಆ ಅಲ್ಲಾಟ ನಿಲ್ಲಬೇಕಿತ್ತು, ಅಷ್ಟೇ. ಮೇಲಿನ ಗುಂಡಿ ಬಿಚ್ಚಿ, ದಾರ ಹಿಡಿದು ಕರಡಿಗೆಯನ್ನು ಹೊರಗೆ ಎಳೆದು ಮುಳ್ಳಿನ ಪಕ್ಕಕ್ಕೆ ತಂದಳು. ಮುಳ್ಳು ಸುತ್ತಿ ಬಂದು ಬೆಳ್ಳಿಯ ಕಡೆ ಮುಖ ಮಾಡಿ ಗಟ್ಟಿಯಾಗಿ ನಿಂತಿತು.

ಅಪ್ಪ ಜೀಪಿನ ಕಡೆ ತಿರುಗಿ ನಿಂತ. ಸರ್ ಎದ್ದು ಬಂದು ಬಗ್ಗಿ ನೋಡಿದರು. ಅವಳ ಕೈಯನ್ನು ದೂರ ಮಾಡಿಸಿದರು, ಹತ್ತಿರ ಮಾಡಿಸಿದರು. ಜುಲೈನಲ್ಲಿ ಇತ್ತೇ ಎಂದರು. ಇತ್ತು. ಮೂರೂ ಕಡೆ? ಮೂರೂ ಕಡೆ. ಯಾವಾಗಿಂದ ಗೊತ್ತು? ಹೋದ ವಾರದಿಂದ. ಸರ್ ಮೂಗಿನಿಂದ ಒಂದು ಸಲ ನಕ್ಕರು. ಸಾರಿಕಾ ಇದನ್ನು ಕೇಳಬೇಕು ಎಂದರು. ಆಮೇಲೆ ನಗು ಹೋಯಿತು. ಇವತ್ತೇ ಬರೆದು ಲೇಖನ ವಾಪಸು ತೆಗೆದುಕೊಳ್ಳುತ್ತೇನೆ ಎಂದರು. ಪ್ರಬಂಧದ ಮಾತು ಎತ್ತಲಿಲ್ಲ, ಶಾಬಾಸ್ ಎನ್ನಲಿಲ್ಲ, ಬೈಯಲೂ ಇಲ್ಲ. ಚೀಲದಿಂದ ಟೇಪು ತೆಗೆದು, ಜುಲೈನಲ್ಲಿ ಕೂತ ಹಾಗೇ ಕೂರು ಎಂದು, ಅವಳ ಕೊರಳಿಂದ ಮುಳ್ಳಿನವರೆಗೆ ಅಳೆದರು. ದರ್ಜಿ ಅಳೆಯುವ ಹಾಗೆ. ಪುಸ್ತಕ ಬಿಚ್ಚಿ ಬರೆದುಕೊಳ್ಳುತ್ತ ತಮಗೆ ತಾವೇ ಓದಿಕೊಂಡರು: ದಿಕ್ಕು ತಪ್ಪಲು ಕಾರಣ, ಸಂಶೋಧಕಿಯ ಕೊರಳಿನ ಲಾಕೆಟ್.

ಅಪ್ಪ ಯಾವಾಗ ಹತ್ತಿರ ಬಂದನೋ ಅವಳಿಗೆ ಗೊತ್ತಾಗಲಿಲ್ಲ.

“ಏನು ಬರದಾರ ಅವ್ರು?” ಎಂದು ಅವಳನ್ನು ಕೇಳಿದ. ಮರಾಠಿ ಅವನಿಗೆ ಚೆನ್ನಾಗಿ ಕೇಳಿಸಿತ್ತು.

“ಲಾಕೆಟ್ ಅಂತ.”

“ಲಾಕೆಟ್ ಅಲ್ಲ ಅದು.” ದನಿ ಏರಲಿಲ್ಲ. “ಬರಿಯೋದೇ ಇದ್ರ ಖರೇ ಬರೀರಿ ಅನ್ನು. ಇಷ್ಟಲಿಂಗ ಅಂತ ಬರೀರಿ ಅನ್ನು. ಚುಂಬಕ ಹಾಕ್ಸಿದಾಂವ ಅವರಪ್ಪ ಅಂತನೂ ಬರಕೋಲಿ.”

ಅವಳು ಸರ್‌ಗೆ ಹೇಳಿದಳು. ಹೇಳುವಾಗ ಆ ಶಬ್ದ ಪುಣೆಯ ಯಾರ ಮುಂದೆಯೂ ತನ್ನ ಬಾಯಿಂದ ಈವರೆಗೆ ಬಂದಿಲ್ಲವೆಂದು ಗೊತ್ತಾಯಿತು. ಸರ್ ಲಾಕೆಟ್ ಹೊಡೆದು ಹಾಕಿ, ಹೇಗೆ ಬರೆಯುವುದು ಎಂದು ಕೇಳಿದರು. ಒಂದೊಂದೇ ಅಕ್ಷರ ಹೇಳಿದಳು. ಅಪ್ಪ ಪೆನ್ನಿನ ತುದಿಯನ್ನೇ ನೋಡುತ್ತ ನಿಂತಿದ್ದ, ರಸೀತಿ ಬರೆಸುವವನ ಹಾಗೆ.

ಇನ್ನು ಎಲ್ಲ ತೂತುಗಳನ್ನೂ ಮೊದಲಿನಿಂದ ಓದಬೇಕು, ನೆರಳು ಬರುವುದರೊಳಗೆ ಎಂದರು ಸರ್. ಮೀನಲ ದಾರವನ್ನು ತಲೆಯ ಮೇಲಿಂದ ತೆಗೆದಳು. ಕೆಳಗೆ ಇಡುವಂತಿರಲಿಲ್ಲ. ಅಪ್ಪ ಎಡಗೈ ಚಾಚಿದ. ಅಂಗೈ ಮೇಲೆ ಇಟ್ಟಳು. ಅವನು ಅದನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡು, ಎಷ್ಟು ದೂರ ಹೋಗಲಿ ಎಂದು ಕೇಳಿದ. ಹೋಗು, ಹೇಳ್ತೀನಿ ಎಂದಳು. ಅವನು ಮುಖ ಇತ್ತಲೇ ಇಟ್ಟುಕೊಂಡು, ಬರಿಗಾಲಲ್ಲಿ, ಜಲ್ಲಿಯ ಮೇಲೆ ಹಿಂದಹಿಂದಕ್ಕೆ ನಡೆದ. ಮುಳ್ಳು ಮೆಲ್ಲಗೆ ಬಿಡಿಸಿಕೊಂಡು ತನ್ನ ಜಾಗಕ್ಕೆ ಬರತೊಡಗಿತು.

“ಸಾಕಾ?” ಎಂದ ಅಪ್ಪ.

ಅವಳು ತಲೆ ಎತ್ತಲಿಲ್ಲ. ಅವನು ಇನ್ನಷ್ಟು ಹಿಂದೆ ಹೋದ. ಜೀಪು ದಾಟಿದ, ಬೇವಿನ ನೆರಳು ದಾಟಿದ. “ಸಾಕೇನವ್ವಾ?” ಎಂದು ಮತ್ತೆ ಕೂಗಿದ್ದು ಗಣಿಯ ಗೋಡೆಗೆ ತಾಗಿ ಸಣ್ಣದಾಗಿ ಬಂತು. ಮುಳ್ಳು ಆಗಲೇ ನಿಂತಾಗಿತ್ತು. ಅವಳ ಬಾಯಿಂದ ಸಾಕು ಎಂಬುದು ಇನ್ನೂ ಬಂದಿರಲಿಲ್ಲ.